ಓದುಗರ ಕಟ್ಟೆ: ಮರ, ಮಿಲ್ಲು, ತರಬೇತಿ, ಸರ್ಕಾರದ ದುಡ್ಡು ಕೈಗೆ ಬರೋದು ಯಾವಾಗ?

ಹಿಂದಿನ ಸಂಚಿಕೇಲಿ ಕೃಷಿ ಅರಣ್ಯದ ಬಗ್ಗೆ ಒಂದು ಸಣ್ಣ ಟಿಪ್ಪಣಿ ಹಾಕಿದ್ವಿ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಗಿಡ ನೆಡೋರು, ಬಡಗಿಗಳು, ಜೇನು ಸೀಗೆಕಾಯಿ ಆರಿಸೋ ಸಂಘದೋರು, ಮಿಲ್ ಹಾಕ್ಬೇಕು ಅನ್ನೋ ಹುಡುಗ್ರು, ಎಲ್ರೂ ಬರ್ದಿದಾರೆ. ಎಲ್ಲರ ಪತ್ರದಲ್ಲೂ "ಎಷ್ಟು ಕೊಡ್ತಾರೆ" ಅನ್ನೋ ಪ್ರಶ್ನೆ ಇದೆ, "ಯಾವಾಗ ಕೊಡ್ತಾರೆ" ಅಂತ ಕೇಳಿರೋರು ಒಬ್ರೂ ಇಲ್ಲ, ಆದ್ರೆ ಈ ಲೈನಲ್ಲಿ ಜನ ಕೈ ಸುಟ್ಕೊಳ್ಳೋದೇ ಆ ಎರಡನೇ ಪ್ರಶ್ನೇಲಿ. ಕೆಳಗಿನ ಉತ್ತರಗಳಲ್ಲಿ ಆ ಮಾತು ಪದೇ ಪದೇ ಬಂದ್ರೆ ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಡಿಕೆ ತೋಟದ ಮೇಲ್ಗಡೆ ಎರಡು ಎಕರೆ ಖುಷ್ಕಿ ಪಾಳು ಬಿದ್ದಿದೆ. ಫಾರೆಸ್ಟ್‌ನವರು ಗಿಡಕ್ಕೆ 125 ರೂಪಾಯಿ ಕೊಡ್ತಾರಂತೆ, ನಿಜವಾ? ಪಕ್ಕದ ಮನೆಯವರು ಶ್ರೀಗಂಧ ಹಾಕಿ ಅಂತಾರೆ, ಒಬ್ಬ ಏಜೆಂಟ್ ಹೆಬ್ಬೇವು ಹಾಕಿ, ಮರ ನಾವೇ ವಾಪಸ್ ಕೊಳ್ತೀವಿ ಅಂತಾನೆ. ನಮ್ಮ ಸೊಪ್ಪಿನ ಬೆಟ್ಟದಲ್ಲೂ ಹಾಕ್ಬೋದಾ?

ಉತ್ತರ: 125 ನಿಜ ಸ್ವಾಮಿ, ಆದ್ರೆ ಒಂದೇ ಸಲ ಅಲ್ಲ. ಇದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಲ್ಲಿ ಶುರುವಾಗಿದ್ದು, ಆಗ ಮೂರು ವರ್ಷಕ್ಕೆ ಸೇರಿ ಗಿಡಕ್ಕೆ 45 ರೂಪಾಯಿ ಇತ್ತು, ಆಮೇಲೆ ಏರಿಸ್ತಾ ಏರಿಸ್ತಾ 125ಕ್ಕೆ ತಂದ್ರು. ಮೊದಲ ವರ್ಷ ಮುಗಿದಾಗ ಬದುಕಿರೋ ಪ್ರತಿ ಗಿಡಕ್ಕೆ 35, ಎರಡನೇ ವರ್ಷ 40, ಮೂರನೇ ವರ್ಷ 50. ಬದುಕಿರೋ ಅನ್ನೋ ಪದದ ಕೆಳಗೆ ಗೆರೆ ಎಳ್ಕೊಳಿ. ಇಲಾಖೆಯವರು ಜಮೀನಿಗೆ ಬಂದು ಎಣಿಸ್ತಾರೆ, ಒಣಗಿದ್ದು, ದನ ಮೇಯ್ದಿದ್ದು, ಬೆಂಕಿ ಬಿದ್ದು ಹೋಗಿದ್ದು ಯಾವುದಕ್ಕೂ ಪೈಸೆ ಇಲ್ಲ. ಅದ್ರ ಮೇಲೆ ಹೆಕ್ಟೇರಿಗೆ 400 ಗಿಡ ಅಂತ ಮಿತಿ ಇದೆ, ಅಂದ್ರೆ ಎಕರೆಗೆ 160. ನಿಮ್ಮ ಎರಡು ಎಕರೆಗೆ 320 ಆಯ್ತು, ಒಂದೂ ಸಾಯದೆ ಉಳಿದ್ರೆ ಮೂರು ವರ್ಷಕ್ಕೆ ಒಟ್ಟು 40,000. ನೂರಕ್ಕೆ ಎಪ್ಪತ್ತು ಉಳೀತು ಅನ್ಕೊಳಿ, 224 ಗಿಡ, 28,000. ಗುಂಡಿ ಹೊಡ್ಸೋದು, ಬೇಲಿ, ಎರಡು ಬೇಸಿಗೆ ನೀರು, ಕಳೆ ತೆಗೆಯೋ ಆಳಿನ ಕೂಲಿ, ಇದೆಲ್ಲ ಅಷ್ಟೊತ್ತಿಗೆ ನಿಮ್ಮ ಜೇಬಿಂದ ಹೋಗಿರುತ್ತೆ, ಹಾಗಾಗಿ ಇದನ್ನ ಲಾಭ ಅಂತ ಲೆಕ್ಕ ಹಾಕ್ಬೇಡಿ, ಹಾಕಿದ ಖರ್ಚು ನಿಧಾನಕ್ಕೆ ವಾಪಸ್ ಬರುತ್ತೆ ಅಂತ ಅನ್ಕೊಳಿ. ಲಾಭ ಏನಿದ್ರೂ ಮರದಲ್ಲಿದೆ.

ಸಸಿ ಇಲಾಖೆ ನರ್ಸರೀದೇ ಆಗಿರ್ಬೇಕು, ಖಾಸಗಿ ನರ್ಸರಿಯಿಂದ ತಂದ ಗಿಡ ಎಷ್ಟೇ ಚೆನ್ನಾಗಿ ಬೆಳೆದ್ರೂ ಯೋಜನೆಗೆ ಬರಲ್ಲ. ಸಸಿ ದರ ಚೀಲದ ಸೈಜಿನ ಮೇಲೆ ಹೋಗುತ್ತೆ, ಸಬ್ಸಿಡಿ ದರವೇ, ದೊಡ್ಡ ಚೀಲದ್ದು ತಗೊಂಡ್ರೆ ಉಳಿಯೋ ಸಂಭವ ಜಾಸ್ತಿ, ಅಲ್ಲಿ ನಾಲ್ಕು ಕಾಸು ಉಳಿಸೋಕೆ ಹೋಗ್ಬೇಡಿ. ಮಳೆ ಹಿಡಿಯೋಕೆ ಮುಂಚೆ, ಏಪ್ರಿಲ್ ಮೇ ಹೊತ್ತಿಗೇ ರೇಂಜ್ ಆಫೀಸಿಗೆ ಹೋಗಿ 10 ರೂಪಾಯಿ ಕಟ್ಟಿ ನೋಂದಣಿ ಮಾಡ್ಸಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೋ ಇಟ್ಕೊಂಡು ಹೋಗಿ. ಸಸಿ ಎತ್ತೋವಾಗ ಕೊಡೋ ರಸೀದಿನ ಮೂರು ವರ್ಷ ಜೋಪಾನ ಮಾಡಿ. ಪಹಣಿ ಇನ್ನೂ ತೀರ್ಕೊಂಡ ಅಪ್ಪನ ಹೆಸರಲ್ಲೇ ಇದ್ರೆ ಮೊದಲು ಪೌತಿ ಖಾತೆ ಮಾಡ್ಸ್ಕೊಳಿ, ಇಲ್ದಿದ್ರೆ ಗಿಡ ನಿಮ್ಮ ಜಮೀನಲ್ಲಿ ಬೆಳೀತಾ ಇರುತ್ತೆ, ದುಡ್ಡು ಫೈಲಲ್ಲೇ ಕೂತಿರುತ್ತೆ.

ಎಲ್ಲಾ ಜಾತಿಗೂ ಕೊಡಲ್ಲ ಅನ್ನೋದೂ ನೆನಪಿರ್ಲಿ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿ ಮರ, ಸುಬಾಬುಲ್ ಇವೆಲ್ಲ ಪ್ರೋತ್ಸಾಹಧನದ ಲಿಸ್ಟಿಂದ ಹೊರಗೆ, ರಬ್ಬರ್, ಕಾಫಿ, ತೆಂಗು, ಅಡಿಕೆನೂ ಅಷ್ಟೇ. ಆ ವರ್ಷ ನಿಮ್ಮ ನರ್ಸರೀಲಿ ಏನೇನು ಬೆಳೆಸಿದಾರೆ, ಅದ್ರಲ್ಲಿ ಯಾವ್ದಕ್ಕೆ ದುಡ್ಡು ಬರುತ್ತೆ ಅಂತ ಕೇಳ್ಕೊಂಡೇ ಗುಂಡಿ ಹೊಡ್ಸಿ.

ಸೊಪ್ಪಿನ ಬೆಟ್ಟ ಬೇಡ. ಅಲ್ಲಿ ನಿಮಗಿರೋದು ಸೊಪ್ಪು ದರಗು ತಗೊಳ್ಳೋ ಸವಲತ್ತು, ನೆಲದ ಒಡೆತನ ಅಲ್ಲ. ಬಗರ್‌ಹುಕುಂ ಅರ್ಜಿ ಹಾಕಿ ಕೂತಿರೋ ಜಮೀನಿಗೂ ಇದೇ ಉತ್ತರ.

ಶ್ರೀಗಂಧದ ವಿಷ್ಯ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ನಿಮ್ಮ ಜಮೀನಿನ ಗಂಧದ ಮರಕ್ಕೆ ನೀವೇ ಯಜಮಾನ್ರು, ಅದಕ್ಕೂ ಮುಂಚೆ ಹಿತ್ಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ಕಂಡ್ರೂ ಜನ ಹೆದರ್ತಿದ್ರು. ಆದ್ರೆ ಗಂಧ ಅರೆ ಪರಾವಲಂಬಿ, ಒಂಟಿಯಾಗಿ ಬೆಳೆಯಲ್ಲ, ಪಕ್ಕದ ಗಿಡದ ಬೇರಿಗೆ ಬೇರು ಅಂಟಿಸಿ ಅದ್ರಿಂದ ನೀರು ಸಾರ ಹೀರ್ಕೊಂಡೇ ಬದುಕೋದು. ಸಸಿ ಚೀಲದಲ್ಲೇ ಹೊನಗೊನ್ನೆ ಸೊಪ್ಪು ಜೊತೆಗೆ ಬೆಳೆಸಿರ್ತಾರೆ, ಅದನ್ನ ಕಳೆ ಅಂತ ಕಿತ್ತು ಬಿಸಾಡೋರಿದಾರೆ, ಹಂಗ್ ಮಾಡ್ಬೇಡಿ. ಹೊಲಕ್ಕೆ ಇಳಿಸಿದ ಮೇಲೆ ಬುಡದ ಹತ್ರ ತೊಗರಿ ಹಾಕಿ, ಆಮೇಲಿನ ವರ್ಷಗಳಿಗೆ ಗಟ್ಟಿ ಆಶ್ರಯ ಮರ ಬೇಕು. ಚೇಗು, ಅಂದ್ರೆ ಒಳಗಿನ ವಾಸನೆಯ ತಿರುಳು, ಕಟ್ಟೋಕೆ ಹತ್ತು ವರ್ಷದ ಮೇಲೇ ಬೇಕು, ಆಮೇಲೆ ಕಳ್ಳರ ಕಾಟ, ಕಾವಲಿನ ಖರ್ಚು. ಮನೆ ಎದುರಿಗೇ ಜಮೀನಿದ್ರೆ ಹಾಕಿ, ಗುಡ್ಡದ ಆಚೆ ಇದ್ರೆ ನಾನಂತೂ ಹಾಕಿ ಅನ್ನಲ್ಲ.

ಏಜೆಂಟ್ ಕೊಡೋ ಬೈಬ್ಯಾಕ್ ಕಾಗದ ತಂದು ನಿಮಗೆ ಗೊತ್ತಿರೋ ವಕೀಲರ ಕೈಲಿ ಓದ್ಸಿ. ಮರದ ದರ ಟನ್ನಿಗೆ ಎಷ್ಟು, ಕಡಿಯೋ ಕೂಲಿ ಸಾಗಣೆ ಯಾರದ್ದು, ಅವ್ನು ಕೊಳ್ಳದೇ ಹೋದ್ರೆ ಏನು ಅಂತ ಅದ್ರಲ್ಲಿ ಇದ್ಯಾ ನೋಡಿ. ಇಲ್ಲ ಅಂದ್ರೆ ಅವ್ನು ಮಾರ್ತಿರೋದು ಸಸಿ ಮಾತ್ರ. ಮತ್ತೆ ನಿಮ್ಮದೇ ಮರ ಆದ್ರೂ ಕಡಿಯೋ ಹೊತ್ತಿಗೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದಿದ್ದಕ್ಕೆ ಪರ್ಮಿಷನ್ ಬೇಕು, ಅದಕ್ಕೇ ನೆಟ್ಟ ವರ್ಷವೇ ಪಹಣಿಯ ಬೆಳೆ ಕಾಲಂನಲ್ಲಿ ಮರ ಬರ್ಸಿಟ್ಟುಕೊಳಿ, ಮುಂದೆ ಮಕ್ಕಳಿಗೆ ಓಡಾಟ ತಪ್ಪುತ್ತೆ.

ಪ್ರಶ್ನೆ: ರಾಣೆಬೆನ್ನೂರಿನ ಬಡಗಿ ನಾನು. ವಿಶ್ವಕರ್ಮ ಯೋಜನೇಲಿ ಮಷಿನ್ ಫ್ರೀ ಕೊಡ್ತಾರೆ ಅಂತ ಹೇಳಿ ಎಲ್ರೂ ಅರ್ಜಿ ಹಾಕಿದಾರೆ. ನಮ್ಮ ಮನೇಲಿ ನಾನು, ತಮ್ಮ ಇಬ್ರೂ ಇದೇ ಕೆಲಸ. ಇಬ್ರಿಗೂ ಸಿಗುತ್ತಾ? ನಾನು ಹಿಂದೆ ಮುದ್ರಾ ಸಾಲ ತಗೊಂಡಿದ್ದೆ.

ಉತ್ತರ: ಅಣ್ಣಾವ್ರೆ, ಮಷಿನ್ ಅಂತ ಯಾರೂ ಕೊಡಲ್ಲ. ಪಿಎಂ ವಿಶ್ವಕರ್ಮ 2023ರ ಸೆಪ್ಟೆಂಬರ್ 17ಕ್ಕೆ ಶುರುವಾಯ್ತು, 18 ಕಸುಬು ಸೇರ್ಸಿದಾರೆ, ಬಡಗಿ ಇದೆ, ದೋಣಿ ಮಾಡೋರು, ಬುಟ್ಟಿ ಚಾಪೆ ಪೊರಕೆ ಮಾಡೋರು, ಗೊಂಬೆ ಮಾಡೋರೂ ಇದಾರೆ, ಅಂದ್ರೆ ನಮ್ಮ ಮೇದಾರ ಜನಕ್ಕೂ ಚನ್ನಪಟ್ಟಣದ ಕಡೆಯೋರಿಗೂ ದಾರಿ ಇದೆ. ಮೊದಲು ಐದರಿಂದ ಏಳು ದಿನ ಬೇಸಿಕ್ ಟ್ರೈನಿಂಗ್, ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ ಅಂತ 15,000 ರೂಪಾಯಿ ಇ-ವೋಚರ್ ರೂಪದಲ್ಲಿ ಬರುತ್ತೆ, ಕ್ಯಾಶ್ ಅಲ್ಲ. 15,000ಕ್ಕೆ ಒಳ್ಳೆ ಪ್ಲೇನರ್, ಡ್ರಿಲ್, ಸ್ವಲ್ಪ ಕೈ ಸಾಮಾನು ಬರ್ಬಹುದು, ಪ್ಯಾನಲ್ ಸಾ ಕನಸು ಬಿಡಿ. ನನ್ನ ಮಟ್ಟಿಗೆ ಇದ್ರಲ್ಲಿ ಬೆಲೆ ಇರೋದು ಸಾಲಕ್ಕೆ, ಮೊದಲು ಒಂದು ಲಕ್ಷ, 18 ತಿಂಗಳಲ್ಲಿ ತೀರಿಸ್ಬೇಕು, ಸರಿಯಾಗಿ ಕಟ್ಟಿದ್ರೆ ಮತ್ತೆ ಎರಡು ಲಕ್ಷ, 30 ತಿಂಗಳು, ಬಡ್ಡಿ ಶೇ 5 ಅಷ್ಟೇ, ಅಡಮಾನ ಇಲ್ಲ. ಮರ ಕೊಳ್ಳೋಕೆ ಮಾರ್ವಾಡಿ ಅಂಗಡೀಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕಟ್ಟೋರಿಗೆ ಈ ಲೆಕ್ಕ ನಾನು ಹೇಳ್ಬೇಕಾಗಿಲ್ಲ.

ಒಂದು ಕುಟುಂಬಕ್ಕೆ ಒಬ್ರೇ, ಆದ್ರೆ ಕುಟುಂಬ ಅಂದ್ರೆ ಗಂಡ, ಹೆಂಡ್ತಿ, ಮದುವೆಯಾಗದ ಮಕ್ಕಳು. ತಮ್ಮನಿಗೆ ಮದುವೆ ಆಗಿದ್ರೆ ಅವ್ರು ಬೇರೆ ಕುಟುಂಬ, ಇಬ್ರೂ ಹಾಕ್ಬಹುದು. ಮುದ್ರಾ ಸಾಲ ಪೂರ್ತಿ ತೀರ್ಸಿದ್ರೆ ತೊಂದ್ರೆ ಇಲ್ಲ, ಬಾಕಿ ಇದ್ರೆ ಮೊದಲು ಕ್ಲಿಯರ್ ಮಾಡಿ ಬ್ಯಾಂಕಿಂದ ನೋ ಡ್ಯೂ ಕಾಗದ ತಗೊಳಿ. ಮನೇಲಿ ಸರ್ಕಾರಿ ನೌಕರರು ಇದ್ರೆ ಆಗಲ್ಲ. ಅರ್ಜಿ ಸಿಎಸ್‌ಸಿ ಸೆಂಟರ್‌ನಲ್ಲಿ ಹೆಬ್ಬೆಟ್ಟು ಕೊಟ್ಟು ಹಾಕ್ಸಿ, ಆಮೇಲೆ ಪಂಚಾಯ್ತಿ ಅಥವಾ ನಗರಸಭೆ ಮಟ್ಟದಲ್ಲಿ ನೀವು ನಿಜವಾಗ್ಲೂ ಬಡಗಿನಾ ಅಂತ ನೋಡ್ತಾರೆ, ಅಲ್ಲೇ ಬೇಕಾದಷ್ಟು ಅರ್ಜಿ ಬಿದ್ದೋಗೋದು, ಯಾಕಂದ್ರೆ ಉಳಿ ಹಿಡಿಯದೋರೂ ಹಾಕಿರ್ತಾರೆ.

ಪ್ರಶ್ನೆ: ನಾವು ಎಚ್.ಡಿ. ಕೋಟೆ ಕಡೆಯ ಗಿರಿಜನ ಹಾಡಿಯ ಹೆಣ್ಮಕ್ಕಳ ಸಂಘ. ಜೇನು, ಸೀಗೆ, ನೆಲ್ಲಿ ಮಾರ್ತೀವಿ. ವನಧನ ಅಂತ 15 ಲಕ್ಷ ಬರುತ್ತೆ ಅಂತ ಒಬ್ರು ಸಾರ್ ಬಂದು ಹೇಳಿ ಹೋದ್ರು. ನಮ್ಮ ಸಂಘದಲ್ಲಿ ಹದಿನೆಂಟು ಜನ ಇದೀವಿ.

ಉತ್ತರ: ಅಕ್ಕಾ, 15 ಲಕ್ಷ ನಿಮ್ಮ ಹದಿನೆಂಟು ಜನಕ್ಕಲ್ಲ. ವನಧನ ವಿಕಾಸ ಕೇಂದ್ರ ಅನ್ನೋದು 2018ರಲ್ಲಿ ಶುರುವಾದ ಯೋಜನೆ, ಕೇಂದ್ರದ ಬುಡಕಟ್ಟು ಸಚಿವಾಲಯದ್ದು, ಬುಡಕಟ್ಟು ಜನರ ಉತ್ಪನ್ನ ಮಾರಾಟಕ್ಕೆ ಇರೋ ಟ್ರೈಫೆಡ್ ಸಂಸ್ಥೆ ಮೂಲಕ ನಡೆಯುತ್ತೆ. ಇಪ್ಪತ್ತಿಪ್ಪತ್ತು ಜನದ ಹದಿನೈದು ಸಂಘ ಸೇರಿ 300 ಜನ ಆದ್ರೆ ಒಂದು ಕೇಂದ್ರ, ತಲೆಗೆ 5,000 ಲೆಕ್ಕದಲ್ಲಿ 15 ಲಕ್ಷ. ಆ ದುಡ್ಡು ಹಂಚ್ಕೊಳ್ಳೋಕಲ್ಲ, ತರಬೇತಿಗೆ, ಒಣಗಿಸೋ ಪ್ಯಾಕ್ ಮಾಡೋ ಸಾಮಾನಿಗೆ. ಹಾಗಾಗಿ ನೀವು ಅಕ್ಕಪಕ್ಕದ ಹಾಡಿ ಸಂಘಗಳ ಜೊತೆ ಸೇರ್ಲೇಬೇಕು, ಆ ಕೆಲಸ ನಿಮ್ಮ ತಾಲ್ಲೂಕಿನ ಲ್ಯಾಂಪ್ಸ್ ಸೊಸೈಟಿ (ಗಿರಿಜನರ ಸಹಕಾರ ಸಂಘ) ಮತ್ತೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ ಆಫೀಸಿಂದ ಶುರು ಮಾಡಿ.

ಅದಕ್ಕೂ ಮೊದಲಿನ ಮಾತು ಇನ್ನೊಂದಿದೆ. ನೀವು ಆರಿಸೋದು ಹುಲಿ ಕಾಡಲ್ಲಾ? 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ರಕ್ಷಿತಾರಣ್ಯದ ಒಳಗೇ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡ್ಕೊಂಡ್ರು. ನಿಮ್ಮ ಹಾಡಿಗೆ ಸಮುದಾಯ ಹಕ್ಕುಪತ್ರ ಬಂದಿದ್ಯಾ ನೋಡಿ. ಅದಿಲ್ದೆ ಡ್ರೈಯರ್, ಪ್ಯಾಕಿಂಗ್ ಮಷಿನ್ ಬಂದು ಕೂತ್ರೆ ಒಳಗೆ ಹಾಕೋಕೆ ಮಾಲೇ ಇರಲ್ಲ, ಗೇಟಲ್ಲಿ ಗಾರ್ಡ್ ತಡೆದ್ರೆ ಮುಗೀತು.

ನಿಮ್ಮ ಹದಿನೆಂಟು ಜನಕ್ಕೆ ಈಗ್ಲೇ ಹೊಂದೋದು ಪಿಎಂಎಫ್‌ಎಂಇ. ಆಹಾರ ಪದಾರ್ಥ ಮಾಡೋ ಸಣ್ಣ ಘಟಕಗಳಿಗೆ ಇರೋದು, ಜೇನಿಗೆ, ನೆಲ್ಲಿ ಉಪ್ಪಿನಕಾಯಿಗೆ ಬರುತ್ತೆ, ಸೀಗೆಗೆ ಬರಲ್ಲ, ಅದು ತಿನ್ನೋದಲ್ವಲ್ಲ. ಸಂಘದ ಸದಸ್ಯರಿಗೆ ತಲಾ 40,000ವರೆಗೆ ಬಂಡವಾಳದ ನೆರವಿದೆ, ಒಕ್ಕೂಟದ ಮೂಲಕ ಬರುತ್ತೆ. ಯಂತ್ರಕ್ಕೆ ಬ್ಯಾಂಕ್ ಸಾಲ ತಗೊಂಡ್ರೆ ಕೇಂದ್ರದ್ದು ಶೇ 35 ಜೊತೆಗೆ ನಮ್ಮ ರಾಜ್ಯದ್ದು ಶೇ 15, ಒಟ್ಟು ಅರ್ಧ ಸಬ್ಸಿಡಿ, ಗರಿಷ್ಠ 15 ಲಕ್ಷ. ಇಲ್ಲಿ ಇದನ್ನ ಕೆಪೆಕ್ ಅನ್ನೋ ರಾಜ್ಯದ ನಿಗಮ ನೋಡ್ಕೊಳುತ್ತೆ, ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಅವ್ರು ಪ್ರಾಜೆಕ್ಟ್ ರಿಪೋರ್ಟ್ ಬರೆದು ಬ್ಯಾಂಕಿಗೆ ಜೊತೇಲಿ ಬರೋವರೆಗೂ ಮಾಡ್ತಾರೆ, ನೀವು ಅವ್ರಿಗೆ ದುಡ್ಡು ಕೊಡೋ ಹಾಗಿಲ್ಲ.

ಯಂತ್ರ ತಗೊಳ್ಳೋಕೆ ಮುಂಚೆ ರಿಫ್ರಾಕ್ಟೋಮೀಟರ್ ಅಂತ ಕೈಯಲ್ಲಿ ಹಿಡಿಯೋ ಸಣ್ಣ ಕೊಳವೆ ಬರುತ್ತೆ, ಅದನ್ನ ತಗೊಳಿ. ಗಾಜಿನ ಮೇಲೆ ಒಂದು ತೊಟ್ಟು ಜೇನು ಸವರಿ ಬೆಳಕಿಗೆ ಹಿಡಿದ್ರೆ ಒಳಗೆ ಗೆರೆ ಕಾಣುತ್ತೆ, ಅದೇ ತೇವಾಂಶ. ಆಹಾರ ಸುರಕ್ಷತೆ ನಿಯಮದಲ್ಲಿ ಶೇ 20 ಮೀರ್ಬಾರ್ದು. ಹೆಜ್ಜೇನು ಮಳೆ ಹತ್ರ ಬಂದಾಗ, ಮುಚ್ಚಳ ಕಟ್ಟದ ತಟ್ಟೆಯಿಂದ ಇಳಿಸಿದ್ರೆ ಇದಕ್ಕಿಂತ ಜಾಸ್ತಿನೇ ಇರುತ್ತೆ, ಡಬ್ಬೀಲಿ ಹುಳಿ ಬಂದು ಉಬ್ಬುತ್ತೆ, ಅಂಗಡಿಯವ್ರು ವಾಪಸ್ ಕಳಿಸ್ತಾರೆ. ಮುಚ್ಚಳ ಕಟ್ಟಿದ ಭಾಗ ಮಾತ್ರ ಬೇರೆ ಪಾತ್ರೆಗೆ ಇಳಿಸೋದು, ಹಿಂಡದೆ ಬಸಿಯೋಕೆ ಬಿಡೋದು, ಇಷ್ಟನ್ನ ಜೇನು ಇಳಿಸೋ ಗಂಡಸ್ರಿಗೆ ಕಲಿಸಿದ್ರೆ ಅರ್ಧ ತರಬೇತಿ ಮುಗೀತು.

ಪ್ರಶ್ನೆ: ಹಳಿಯಾಳದಲ್ಲಿ ಸಾ ಮಿಲ್ ಹಾಕ್ಬೇಕು ಅಂತಿದೀನಿ, ಪಿಎಂಇಜಿಪಿಲಿ (ಹೊಸ ಉದ್ಯಮಕ್ಕೆ ಸಾಲ, ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ) ಶೇ 35 ಸಬ್ಸಿಡಿ ಅಂತ ಕೇಳಿದೆ. ಒಟ್ಟು 20 ಲಕ್ಷದ ಪ್ಲಾನ್. ನಾನು ಓಬಿಸಿ, ಡಿಗ್ರಿ ಆಗಿದೆ.

ಉತ್ತರ: ತಮ್ಮಾ, ಸಾ ಮಿಲ್ ಬ್ಯಾಂಕಿಂದ ಶುರುವಾಗಲ್ಲ, ಲೈಸೆನ್ಸಿಂದ ಶುರುವಾಗುತ್ತೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಆರ್ಡರ್ ಬಂದಾಗಿಂದ ದೇಶದಲ್ಲಿ ಹೊಸ ಮರ ಸೀಳೋ ಮಿಲ್ ಹಾಕೋದು ಸಲೀಸಲ್ಲ, ರಾಜ್ಯ ಮಟ್ಟದ ಕಮಿಟಿ ಆ ಭಾಗದಲ್ಲಿ ಮರ ಎಷ್ಟು ಸಿಗುತ್ತೆ ಅಂತ ನೋಡಿ ಒಪ್ಪಬೇಕು, ಕಾಡಿಂದ ಎಷ್ಟು ದೂರ ಅನ್ನೋದೂ ಬರುತ್ತೆ, ಹಳಿಯಾಳದಲ್ಲಿ ಕಾಡಿಂದ ದೂರ ಇರೋ ಜಾಗ ನೀವೇ ಹೇಳಿ. ಶೆಡ್ ಕಟ್ಟಿ, ಬ್ಯಾಂಡ್ ಸಾ ತಂದಿಟ್ಟು, ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕೋ ಐಡಿಯಾ ಇದ್ರೆ ಇವತ್ತೇ ಬಿಟ್ಬಿಡಿ.

ಅದ್ರ ಬದಲು ದಿಮ್ಮಿ ಸೀಳದೆ ಇರೋ ಕೆಲಸ ಯೋಚ್ನೆ ಮಾಡಿ. ಸೀಳಿದ ಮರ, ಪ್ಲೈವುಡ್ ತಂದು ಪೀಠೋಪಕರಣ ಮಾಡೋದು, ಬಿದಿರಿನ ಕಡ್ಡಿ, ಬಿದಿರಿನ ಸಾಮಾನು. 2017ರಲ್ಲಿ ಕೇಂದ್ರ ಅರಣ್ಯ ಕಾಯ್ದೆಗೆ ತಿದ್ದುಪಡಿ ಮಾಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನ ಮರದ ಪಟ್ಟಿಯಿಂದ ತೆಗೆದ ಮೇಲೆ ಆ ಕಡೆ ಸ್ವಲ್ಪ ಉಸಿರಾಡೋ ಹಾಗಾಗಿದೆ. ಅದಕ್ಕೂ ರೇಂಜ್ ಆಫೀಸಿಗೆ ಅರ್ಜಿ ಬರೆದು ನಮ್ಮ ಘಟಕಕ್ಕೆ ಲೈಸೆನ್ಸ್ ಬೇಕಾ ಬೇಡ್ವಾ ಅಂತ ಲಿಖಿತ ಉತ್ತರ ತಗೊಂಡೇ ಮುಂದುವರೀರಿ, ಬಾಯಿಮಾತಿನ ಉತ್ತರ ಸಾಹೇಬ್ರು ಟ್ರಾನ್ಸ್‌ಫರ್ ಆಗೋವರೆಗೆ ಮಾತ್ರ.

ಈಗ ದುಡ್ಡಿನ ಲೆಕ್ಕ. ಪಿಎಂಇಜಿಪಿಲಿ ಉತ್ಪಾದನಾ ಘಟಕಕ್ಕೆ 50 ಲಕ್ಷದವರೆಗೆ ಪ್ರಾಜೆಕ್ಟ್ ಹಾಕ್ಬಹುದು. ಹಳ್ಳೀಲಿ ಸಾಮಾನ್ಯ ವರ್ಗಕ್ಕೆ ಶೇ 25, ಓಬಿಸಿ, ಎಸ್‌ಸಿ, ಎಸ್‌ಟಿ, ಹೆಣ್ಮಕ್ಕಳು, ಅಲ್ಪಸಂಖ್ಯಾತರು, ಮಾಜಿ ಸೈನಿಕರಿಗೆ ಶೇ 35, ಪೇಟೇಲಿ ಇದೇ 15 ಮತ್ತು 25. ಹಳಿಯಾಳ ಪಟ್ಟಣದೊಳಗೆ ಹಾಕಿದ್ರೆ ನಿಮ್ಮ 35 ಅಲ್ಲಿಗೇ 25 ಆಯ್ತು, ಜಾಗ ಆರಿಸೋವಾಗ ಇದು ತಲೇಲಿರ್ಲಿ. ಹಳ್ಳೀಲೇ ಅನ್ಕೊಳಿ, 20 ಲಕ್ಷದಲ್ಲಿ ನಿಮ್ಮ ಕೈಯಿಂದ ಶೇ 5, ಅಂದ್ರೆ ಒಂದು ಲಕ್ಷ, ಬ್ಯಾಂಕ್ ಕೊಡೋದು 19 ಲಕ್ಷ. ಸಬ್ಸಿಡಿ 7 ಲಕ್ಷ ಬರುತ್ತೆ, ಆದ್ರೆ ನಿಮ್ಮ ಖಾತೆಗಲ್ಲ, ಬ್ಯಾಂಕಲ್ಲೇ ನಿಮ್ಮ ಹೆಸರಲ್ಲಿ ಠೇವಣಿಯಾಗಿ ಮೂರು ವರ್ಷ ಲಾಕ್. ಆ 7 ಲಕ್ಷಕ್ಕೆ ನಿಮಗೆ ಬಡ್ಡಿ ಬರಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬ್ಯಾಂಕ್ ಬಡ್ಡಿ ಹಾಕೋ ಹಾಗೂ ಇಲ್ಲ. ಮೂರು ವರ್ಷ ಆದ್ಮೇಲೆ ಬಂದು ನೋಡ್ತಾರೆ, ಘಟಕ ನಡೀತಿದ್ರೆ ಸಾಲಕ್ಕೆ ಜಮಾ, ಬಾಗಿಲು ಹಾಕಿದ್ರೆ ವಾಪಸ್ ಹೋಗುತ್ತೆ, ಪೂರ್ತಿ ಸಾಲ ನಿಮ್ಮ ತಲೆ ಮೇಲೆ. ಜಮೀನಿನ ಬೆಲೆ ಪ್ರಾಜೆಕ್ಟ್‌ಗೆ ಸೇರ್ಸೋ ಹಾಗಿಲ್ಲ. ಈಗಾಗ್ಲೇ ನಡೀತಿರೋ ಅಂಗಡಿಗೆ ಹೊಸ ಬೋರ್ಡ್ ಹಾಕಿ ಕೇಳೋ ಹಾಗೂ ಇಲ್ಲ, ಹೊಸ ಘಟಕಕ್ಕೆ ಮಾತ್ರ.

ಬ್ಯಾಂಕ್ ಮ್ಯಾನೇಜರು ಫೈಲ್ ವಾಪಸ್ ಕಳಿಸೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ, ಯಾರಿಗೆ ಮಾರ್ತೀರಿ ಅಂತ ಕೇಳಿದ್ರೆ ಉತ್ತರ ಇರಲ್ಲ. ಇಬ್ರು ಮೂವರು ಕೊಳ್ಳೋರ ಪತ್ರ ಇಟ್ಕೊಂಡು ಹೋಗಿ. ಉದ್ಯಮಶೀಲತಾ ತರಬೇತಿ ಹೆಂಗೂ ಕಡ್ಡಾಯ, ಅದನ್ನ ಮೊದಲೇ ಮುಗ್ಸಿಟ್ಟುಕೊಂಡ್ರೆ ಒಳ್ಳೇದು.

ಪ್ರಶ್ನೆ: ಹೊಸನಗರ. ಬಿದಿರು ಹಾಕಿದ್ರೆ ಅರ್ಧ ಖರ್ಚು ಕೊಡ್ತಾರಂತೆ. ಯಾವ ಬಿದಿರು ಹಾಕೋದು?

ಉತ್ತರ: 2018ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಬಿದಿರು ಮಿಷನ್‌ನಲ್ಲಿ ರೈತರಿಗೆ ಶೇ 50 ನೆರವು, ಅದೂ ಮೂರು ವರ್ಷಕ್ಕೆ 50, 30, 20 ಅಂತ ಕಂತು. ಜಾತಿ ಕೇಳಿದ್ರೆ, ಮುಳ್ಳಿನ ಹೆಬ್ಬಿದಿರು ಮೆಳೆ ಒಳಗೆ ಕೈ ಹಾಕಿ ಕಡಿಯೋಕೆ ಆಳು ಸಿಗಲ್ಲ, ಮುಳ್ಳಿಲ್ಲದ ಗಟ್ಟಿ ಬಿದಿರು, ನಮ್ಮ ಕಡೆ ಮಾರಿಹಾಳ ಅಂತಾರಲ್ಲ, ಅದು ತೋಟದ ಅಂಚಿಗೆ ಚೆನ್ನಾಗಿ ಹೊಂದುತ್ತೆ, ಮೇದಾರರೂ ಕೊಳ್ತಾರೆ, ಊರುಗೋಲಿಗೂ ಆಗುತ್ತೆ. ಸಸಿ ತಗೊಳ್ಳೋವಾಗ ಬೀಜದ್ದಾ, ಹಳೇ ಮೆಳೆಯಿಂದ ತೆಗೆದ ತುಂಡಿಂದಾ ಅಂತ ಕೇಳಿ. ಹಳೇ ಮೆಳೆ ತುಂಡಿಗೆ ತಾಯಿಯ ವಯಸ್ಸೇ ಬಂದಿರುತ್ತೆ, ತಾಯಿ ಮೆಳೆ ಹೂ ಬಿಟ್ಟು ಸಾಯೋ ಹೊತ್ತಿಗೆ ನಿಮ್ಮದೂ ಸಾಯುತ್ತೆ. ಸಬ್ಸಿಡಿ ಕೊಡೋರು ಇದನ್ನ ಹೇಳಿದ್ದು ನಾನಂತೂ ಕೇಳಿಲ್ಲ.

ಪ್ರಶ್ನೆ: ಮೂಡಿಗೆರೆ ಕಡೆ ಮರ ಕಸಿ (ಕೊಂಬೆ ಸವರೋದು), ಸಿಲ್ವರ್ ಓಕ್ ಕಡಿತದ ಕಾಂಟ್ರಾಕ್ಟ್ ಮಾಡ್ತೀನಿ. ಜೊತೆಗೆ ಸಣ್ಣ ಫರ್ನಿಚರ್ ವರ್ಕ್‌ಶಾಪ್ ಇದೆ, ಎಂಟು ಜನ ಇದಾರೆ. ಹುಡುಗ್ರಿಗೆ ಕಲಿಸ್ತೀನಿ, ಕಲಿತ ಮೇಲೆ ಬೆಂಗಳೂರಿಗೆ ಓಡ್ತಾರೆ. ಕಲಿಸೋಕೆ ಸರ್ಕಾರ ಏನಾದ್ರೂ ಕೊಡುತ್ತಾ?

ಉತ್ತರ: ವರ್ಕ್‌ಶಾಪ್‌ಗೆ ಕೊಡುತ್ತೆ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ ಅಂತಿದೆ, ನಾಲ್ಕು ಜನಕ್ಕಿಂತ ಕಮ್ಮಿ ಇರೋ ಜಾಗಕ್ಕೆ ಆಗಲ್ಲ, 30 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕಡ್ಡಾಯ, ನಡುವೆ ಇರೋರಿಗೆ ಐಚ್ಛಿಕ, ನೀವು ಆ ನಡುವಿನೋರು. ಪೋರ್ಟಲ್ಲಲ್ಲಿ ನೋಂದಾಯಿಸಿ ಹುಡುಗನ ಜೊತೆ ಕರಾರು ಮಾಡ್ಕೊಂಡ್ರೆ ಅವ್ನ ಸ್ಟೈಪೆಂಡಲ್ಲಿ ಶೇ 25, ತಿಂಗಳಿಗೆ 1,500ರವರೆಗೆ, ಕೇಂದ್ರ ಸರ್ಕಾರ ಭರಿಸುತ್ತೆ. ದೊಡ್ಡ ಮೊತ್ತ ಅಲ್ಲ ನಿಜ, ಆದ್ರೆ ಕರಾರಿನ ಅವಧಿಯವರೆಗೆ ಹುಡುಗ ನಿಲ್ಲೋಕೆ ಒಂದು ಕಾರಣ ಸಿಗುತ್ತೆ, ಕೊನೆಗೆ ಸರ್ಟಿಫಿಕೇಟ್ ಇದೆ ಅನ್ನೋದಕ್ಕೆ. ಆಮೇಲೂ ಓಡಿದ್ರೆ ಅದು ಸಂಬಳದ ಪ್ರಶ್ನೆ ಸಾರ್, ಸ್ಕೀಮಿಂದ ಬಗೆಹರಿಯಲ್ಲ. ಹತ್ತಿಪ್ಪತ್ತು ವರ್ಷದಿಂದ ಕೆಲಸ ಮಾಡ್ತಿರೋ ಹಳೇ ಕೈಗಳಿಗೆ ಕೇಂದ್ರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈಲಿ ಆರ್‌ಪಿಎಲ್ ಅಂತ ಒಂದು ದಾರಿ ಇದೆ, ಹೊಸದಾಗಿ ಕಲಿಸದೇ ಬಂದಿರೋ ಕೆಲಸನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು.

ಮರ ಕಡಿಯೋರ ಕಥೆ ಬೇರೆ, ಅದು ನನಗೆ ಹೊಟ್ಟೆ ಉರಿಯೋ ವಿಷ್ಯ. ಚೈನ್‌ಸಾ ಈಗ ಎಲ್ಲ ಎಸ್ಟೇಟಲ್ಲೂ ಇದೆ, ಅದನ್ನ ಹಿಡಿಯೋಕೆ ಕಲಿಸಿದೋರು ಯಾರು ಅಂದ್ರೆ ಇನ್ನೊಬ್ಬ ಮೇಸ್ತ್ರಿ, ಅವ್ನಿಗೆ ಕಲಿಸಿದೋರು ಯಾರೂ ಇಲ್ಲ. ಬಾರ್‌ನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದ್ರೆ ಮಷಿನ್ ಹಿಂದಕ್ಕೆ ಒದ್ದು ನೇರ ಮುಖಕ್ಕೆ ಬರುತ್ತೆ, ಇಷ್ಟು ಗೊತ್ತಿಲ್ದೆ ಲುಂಗಿ ಚಪ್ಪಲಿ ಹಾಕ್ಕೊಂಡು ಮರದ ಮೇಲೆ ಒಂದೇ ಕೈಲಿ ಓಡಿಸ್ತಾರೆ. ಮಷಿನ್ ಮಾರೋ ಅಂಗಡಿಯೋರ ಹತ್ರ ಡೆಮೊ ಕೇಳಿ, ಒಂದು ದಿನ ನಿಮ್ಮ ಎಸ್ಟೇಟಿಗೇ ಕರೆಸಿ. ಹೆಲ್ಮೆಟ್, ಕಾಲಿಗೆ ಕಟ್ ನಿರೋಧಕ ಬಟ್ಟೆ, ಸೊಂಟದ ಬೆಲ್ಟ್ ಇದು ನಿಮ್ಮ ಖರ್ಚೇ. ಪ್ರತಿಯೊಬ್ರದ್ದೂ ಇ-ಶ್ರಮ ಕಾರ್ಡ್, ವರ್ಷಕ್ಕೆ 20 ರೂಪಾಯಿ ಕಟ್ಟೋ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಎರಡು ಲಕ್ಷದ್ದು, ಮಾಡ್ಸಿ. ಹೆಚ್ಚುಕಮ್ಮಿ ಆದ್ರೆ ಕಾನೂನು ಪ್ರಕಾರ ಪರಿಹಾರ ಕೊಡ್ಬೇಕಾಗೋದು ನೀವು, ಎಸ್ಟೇಟ್ ಮಾಲೀಕರೂ ಸಿಕ್ಕಾಕ್ಕೊಳ್ತಾರೆ, ಅದಕ್ಕೆ ಆಗೋ ಪಾಲಿಸಿ ಬೇರೆ ತಗೊಳಿ, ಪ್ರೀಮಿಯಂನ ಕಾಂಟ್ರಾಕ್ಟ್ ದರದಲ್ಲೇ ಸೇರ್ಸಿ ಮಾತಾಡಿ.

ಪ್ರಶ್ನೆ: ಮಗ ಪಿಯುಸಿ ಸೈನ್ಸ್ ಮುಗಿಸಿದ. ಕಾಡು ಮರ ಅಂದ್ರೆ ಇಷ್ಟ, ಗಾರ್ಡ್ ಕೆಲಸ ಮಾತ್ರ ಬೇಡ ಅಂತಾನೆ. ಕೊಪ್ಪ ನಮ್ಮೂರು. ಬೇರೆ ಏನಿದೆ?

ಉತ್ತರ: ಮಾರ್ಕ್ಸ್ ಇದ್ರೆ ಬಿಎಸ್ಸಿ ಫಾರೆಸ್ಟ್ರಿ ನಾಲ್ಕು ವರ್ಷ, ಶಿರಸಿಯಲ್ಲಿದೆ, ಪೊನ್ನಂಪೇಟೆಯಲ್ಲಿದೆ, ಕೃಷಿಕರ ಮಕ್ಕಳಿಗೆ ಮೀಸಲು ಸೀಟೂ ಇದೆ. ಕೈ ಕೆಲಸ ಇಷ್ಟ ಇದ್ರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ, ಐಡಬ್ಲ್ಯೂಎಸ್‌ಟಿ ಅಂತಾರೆ, ಅಲ್ಲಿ ಕಂಪ್ಯೂಟರ್ ಮಷಿನ್ ಮೇಲೆ ಮರಗೆಲಸ ಕಲಿಸೋ ಸೆಂಟರ್ ಇದೆ, ಫರ್ನಿಚರ್ ಫ್ಯಾಕ್ಟರಿಗಳಿಗೆ ಬೇಕಿರೋದು ಅಂಥ ಹುಡುಗ್ರೇ. ಡಿಗ್ರಿ ಆದ್ಮೇಲೆ ಪ್ಲೈವುಡ್ ಲೈನ್ ಬೇಕಂದ್ರೆ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿಯ (ಈಗ ಅದೂ ಐಡಬ್ಲ್ಯೂಎಸ್‌ಟಿಗೇ ಸೇರಿದೆ) ಒಂದು ವರ್ಷದ ಪಿಜಿ ಡಿಪ್ಲೊಮಾ. ಪರಿಸರ ಸಚಿವಾಲಯ 2017ರಲ್ಲಿ ಶುರು ಮಾಡಿದ ಗ್ರೀನ್ ಸ್ಕಿಲ್ ಕೋರ್ಸುಗಳೂ ಇವೆ, ಫೀಸಿಲ್ಲ, ಬ್ಯಾಚ್ ಇದ್ದಾಗ ಮಾತ್ರ.

ಸ್ವಂತ ಏನಾದ್ರೂ ಮಾಡ್ತಾನೆ ಅಂದ್ರೆ ಸ್ವಉದ್ಯೋಗ ತರಬೇತಿ ಕೊಡೋ ರುಡ್‌ಸೆಟ್ ಅಥವಾ ನಿಮ್ಮ ಜಿಲ್ಲೆಯ ಆರ್‌ಸೆಟಿಗೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತೆ ಎರಡು ಬ್ಯಾಂಕ್ ಸೇರಿ ಶುರು ಮಾಡಿದ್ದನ್ನ ನೋಡಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಇದನ್ನ ಮಾಡಿದ್ದು. ಊಟ ವಸತಿ ತರಬೇತಿ ಎಲ್ಲ ಉಚಿತ, ಮುಗಿದ ಮೇಲೂ ಎರಡು ವರ್ಷ ಫಾಲೋ ಅಪ್ ಮಾಡ್ತಾರೆ, ಬ್ಯಾಂಕ್ ಸಾಲಕ್ಕೆ ಅಲ್ಲಿನ ಸರ್ಟಿಫಿಕೇಟ್ ತೂಕ ಇರೋದು. ಹಳಿಯಾಳದ ತಮ್ಮನಿಗೂ ಇದೇ ಹೇಳ್ತೀನಿ, ಪಿಎಂಇಜಿಪಿ ತರಬೇತಿ ಅಲ್ಲೇ ಮುಗ್ಸಬಹುದು.

ಪ್ರಶ್ನೆ: ಒಬ್ಬ ವ್ಯಕ್ತಿ ಫೋನ್ ಮಾಡಿ ನಿಮ್ಮ ಸಬ್ಸಿಡಿ ಸ್ಯಾಂಕ್ಷನ್ ಆಗಿದೆ, ಪ್ರೊಸೆಸಿಂಗ್ ಫೀ 12,000 ಹಾಕಿ ಅಂತಿದಾನೆ. ಹಾಕ್ಲಾ?

ಉತ್ತರ: ಬೇಡ. ಪಿಎಂಇಜಿಪಿಗೆ ಏಜೆಂಟ್ ಅನ್ನೋರೇ ಇಲ್ಲ. ನೀವು ಅರ್ಜಿ ಹಾಕಿದ್ರೆ ನಂಬರ್ ಇರುತ್ತೆ, ಪೋರ್ಟಲ್ಲಲ್ಲಿ ನೀವೇ ನೋಡ್ಬಹುದು, ಇಲ್ಲಾ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಅರ್ಜಿನೇ ಹಾಕಿಲ್ಲ ಅಂದ್ರೆ ಸ್ಯಾಂಕ್ಷನ್ ಆಗಿದ್ದು ಯಾರದ್ದು? ದುಡ್ಡು ಆಗ್ಲೇ ಹಾಕಿಬಿಟ್ಟಿದ್ರೆ ಈ ಪುಟ ಮಡಚಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.